ಖಾದರನ ಬದನೆಗೆ ನಾನು ಹೊಯ್ದ ಹಿಂಡಿನೀರು

ಮೊನ್ನೆ ಭಾನುವಾರ ಹರಿಹರದಲ್ಲಿ ರೈಲಿಳಿದು, ಸೋದರಮಾವ ಕೆಲಸ ಮಾಡುವ ಎಣ್ಣೆ ಗಿರಣಿಯ ಹಿಂದಿನ ಓಣಿಗೆ ತಿರುಗಿದೆನೋ ಇಲ್ಲವೋ, ಆ ವಾಸನೆ ಬಂದು ಮುಖಕ್ಕೆ ಬಡಿಯಿತು. ಶೇಂಗಾ ಹಿಂಡಿ ನೀರಿನಲ್ಲಿ ನೆನೆದು, ಹುಳಿತು, ನೊರೆ ಬಿಟ್ಟ ವಾಸನೆ. ನನ್ನ ಮುಂದೆ ಹೋಗುತ್ತಿದ್ದ ಎಮ್ಮೆ ಕೂಡ ಮೂತಿ ತಿರುವಿ ಆಚೆ ಓಣಿ ಹಿಡಿಯಿತು. ನಾನೊಬ್ಬ ಅಲ್ಲೇ ನಿಂತೆ. ಯಾರೋ ಮಲ್ಲಿಗೆ ಗಿಡಕ್ಕೆ ಹಾಕಲು ಗಡಿಗೆಯಲ್ಲಿ ಹಿಂಡಿ ನೆನೆಹಾಕಿದ್ದರು.

ಹೋದ ವರ್ಷ ದಸರೆಯಿಂದ ಶಿವರಾತ್ರಿಯವರೆಗೆ ನನ್ನ ಅಂಗಿ, ಚೀಲ, ತಲೆಗೂದಲು, ಭೂಗೋಳದ ಪುಸ್ತಕ, ಎಲ್ಲದಕ್ಕೂ ಇದೇ ವಾಸನೆ. ನಾನು ಶಾಲೆಯಿಂದ ಹೊರಡುವ ಮೊದಲೇ ನನ್ನ ವಾಸನೆ ಮನೆಗೆ ಹೋಗಿ, ಕೈಕಾಲು ತೊಳೆದು, ಊಟಕ್ಕೆ ಕೂತಿರುತ್ತಿತ್ತು. ಈ ವರ್ಷವೂ ಮಾವನ ಹತ್ತಿರ ಹಿಂಡಿ ಕೇಳಲು ಬಂದವನು ನಾನೇ. ಯಾಕೆ ಈ ವರ್ಷವೂ ಎನ್ನುವುದನ್ನು ನೆನೆಸಿಕೊಂಡರೆ ಇವತ್ತಿಗೂ ಹಲ್ಲು ಕಡಿಯುವ ಹಾಗಾಗುತ್ತದೆ. ಆದರೂ ಹೇಳುತ್ತೇನೆ.

ದಾವಣಗೆರೆಯ ನಮ್ಮ ಹೈಸ್ಕೂಲಿನಲ್ಲಿ ವ್ಯವಸಾಯವೂ ಒಂದು ಪಾಠ. ಶಾಲೆಯ ಹಿಂದೆ ಒಂದು ತೋಟ. ಒಂಬತ್ತನೇ ಕ್ಲಾಸಿನ ಪ್ರತಿ ಹುಡುಗನಿಗೂ ಅದರಲ್ಲಿ ಒಂದು ಮಡಿ, ಮಡಿಗೆ ಹನ್ನೆರಡು ಬದನೆ ಗಿಡ. ಪಾಠ ಹೇಳುವವರು ರುದ್ರಪ್ಪ ಮೇಷ್ಟ್ರು. ಆಗ ಊರಿಗೆಲ್ಲ ಚೀಲದ ಬಿಳಿ ಗೊಬ್ಬರ ಬರಲು ಶುರುವಾಗಿತ್ತು. ಸಕ್ಕರೆಯ ಹಾಗೆ ಕಾಣುವ ಅದನ್ನು ಎರಡು ಚಿಟಿಕೆ ಹಾಕಿ ಮನೆಗೆ ಹೋಗಿ ಮಲಗಬಹುದಿತ್ತು. ಮೇಷ್ಟ್ರು ಬಿಡಬೇಕಲ್ಲ! ಗೊಬ್ಬರವನ್ನು ನೀವೇ ಮಾಡಬೇಕು, ಮನೆಯಲ್ಲಿ ಸಿಗುವ ಸಾಮಾನಿನಿಂದಲೇ ಮಾಡಬೇಕು, ಯಾವತ್ತು ಏನು ಹಾಕಿದಿರಿ, ಏನಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು ಎಂದರು. ಪುಸ್ತಕದಲ್ಲಿ ಸುಳ್ಳು ಬರೆದವನ ಬದನೆ ಕುಂಬಳಕಾಯಿ ಗಾತ್ರ ಆದರೂ ಅವನಿಗೆ ಸೊನ್ನೆ ಎಂದೂ ಹೇಳಿದರು. ಆ ಮಾತು ಹೇಳುವಾಗ ಅವರು ನನ್ನನ್ನೇ ಯಾಕೆ ನೋಡಿದರು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನ್ನ ಚಿಂತೆ ನನ್ನ ಮಡಿಯದಲ್ಲ. ನನ್ನ ಚಿಂತೆಯೆಲ್ಲ ಖಾದರನ ಮಡಿಯದು. ಖಾದರ ನನ್ನ ಪಕ್ಕ ಕೂರುವವನು. ಅವನ ಅಬ್ಬಾ ಇಮಾಮ್ ಸಾಬರದು ಮಂಡಕ್ಕಿ ಭಟ್ಟಿ. ಬೆಳಗಿನ ಜಾವಕ್ಕೇ ಎದ್ದು ಭಟ್ಟಿಯಲ್ಲಿ ಹೊಟ್ಟು ತುಂಬಿ, ಬೆಂಕಿ ನೋಡಿಕೊಂಡು, ಮಂಡಕ್ಕಿ ಜರಡಿ ಹಿಡಿದು, ಹುಬ್ಬಿನ ಮೇಲೆ ಬೂದಿ ಹೊತ್ತುಕೊಂಡೇ ಅವನು ಶಾಲೆಗೆ ಓಡಿ ಬರುತ್ತಿದ್ದ. ಸಾಬರು ಜೂನಿನಲ್ಲೇ ಮಾತು ಮುಗಿಸಿದ್ದರು. ಎಲ್ಲ ಪಾಠದಲ್ಲೂ ಪಾಸಾದರೆ ಮುಂದಿನ ಕ್ಲಾಸು, ಒಂದರಲ್ಲಿ ನಪಾಸಾದರೂ ಶಾಲೆ ಸಾಕು, ಭಟ್ಟಿಗೆ ಬಾ. ಖಾದರ ಲೆಕ್ಕದಲ್ಲಿ ಎಂಥವನೆಂದರೆ ಮೇಷ್ಟ್ರು ಬೋರ್ಡಿನ ಮೇಲೆ ಪ್ರಶ್ನೆ ಬರೆದು ಮುಗಿಸುವಷ್ಟರಲ್ಲಿ ಅವನದು ಉತ್ತರ ಬರೆದು, ನನ್ನದೂ ಬರೆದು, ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದ. ಅಂಥವನು ಬದನೆಕಾಯಿಯಿಂದ ಶಾಲೆ ಬಿಡುವುದೆಂದರೆ? ನನ್ನ ಲೆಕ್ಕ ಯಾರು ಮಾಡಬೇಕು? ಬೆಳಗ್ಗೆ ಅವನಿಗೆ ತೋಟಕ್ಕೆ ಬರಲು ಆಗುತ್ತಿರಲಿಲ್ಲ, ಗೊಬ್ಬರ ಮಾಡಲು ಪುರುಸೊತ್ತಂತೂ ಇಲ್ಲವೇ ಇಲ್ಲ. ದಸರೆಯ ಹೊತ್ತಿಗೆ ಬೇರೆಯವರ ಗಿಡ ಮೊಣಕಾಲಿಗೆ ಬಂದಿದ್ದರೆ ಅವನವು ಪಾದ ಕೂಡ ಮುಚ್ಚುತ್ತಿರಲಿಲ್ಲ.

ಕ್ಲಾಸಿನ ಎಲ್ಲರೆದುರು ನಾನು ಎದೆ ಉಬ್ಬಿಸಿ ಹೇಳಿಬಿಟ್ಟೆ: ಹರಿಹರದ ನಮ್ಮಜ್ಜಿ ಮಾಡುವ ಹಿಂಡಿನೀರು ಹೊಯ್ದರೆ ಒಣಗಿದ ಬೇಲಿಗೂಟ ಸಹಿತ ಚಿಗುರುತ್ತದೆ. ಒಂದು ಸಲ ಅಜ್ಜಿ ಊರುಗೋಲು ಅದರಲ್ಲಿ ಅದ್ದಿಟ್ಟಿದ್ದಕ್ಕೆ ಬೆಳಗ್ಗೆ ನೋಡಿದರೆ ಅದರ ತುದಿಯಲ್ಲಿ ಎರಡು ಎಲೆ ಬಂದಿದ್ದವು ಎಂದೂ ಹೇಳಿದೆ. ಅಜ್ಜಿಗೆ ಊರುಗೋಲೇ ಇಲ್ಲ, ಅದು ಬೇರೆ ವಿಷಯ.

ರಜೆಯಲ್ಲಿ ಹರಿಹರಕ್ಕೆ ಹೋದೆ. ಮಳೆ ಮುಗಿದಿದ್ದರೂ ಹೊಳೆ ಇನ್ನೂ ಕೆಂಪಗೇ ಹರಿಯುತ್ತಿತ್ತು. ಅಜ್ಜಿ ಹಿತ್ತಲಲ್ಲಿ ಕೂತು ನಿಧಾನವಾಗಿ ಹೇಳಿಕೊಟ್ಟಳು. ಒಂದು ಸೇರು ಶೇಂಗಾ ಹಿಂಡಿ, ಅಷ್ಟೇ ಹಸಿ ಸಗಣಿ, ಒಂದು ಚೆಂಬು ಗಂಜಲ, ಹುಳಿ ಮಜ್ಜಿಗೆ, ಒಂದು ಮುಷ್ಟಿ ಕಪ್ಪು ಬೆಲ್ಲ. ಎಂಟು ದಿನ ಕೊಳೆಯಬೇಕು, ದಿನಾ ಎರಡು ಸಲ ಕೋಲಿನಿಂದ ತಿರುವಬೇಕು, ಬಾಯಿಗೆ ತೆಳ್ಳನೆ ಬಟ್ಟೆ ಮಾತ್ರ ಕಟ್ಟಬೇಕು. ಹೊಯ್ಯುವಾಗ ಒಂದಕ್ಕೆ ಹತ್ತು ನೀರು. ಕೊನೆಗೆ ಒಂದು ಹಿಡಿ ಬೂದಿ.

"ಯಾವ ಬೂದಿ ಅಜ್ಜಿ?" ಅಂದೆ.

"ಒಲೆ ಬೂದಿ ಕಣೋ. ಮತ್ಯಾವುದು ಐತೆ ಬೂದಿ?" ಅಂದಳು.

ಮೊಸರಿಗೆ ಹೆಪ್ಪು ಕೊಡುವ ಹಾಗೆ ತನ್ನ ಹಳೆ ಗಡಿಗೆಯ ನೀರನ್ನೂ ಒಂದು ಚಿಕ್ಕ ಮಡಿಕೆಯಲ್ಲಿ ಕೊಟ್ಟಳು. ಅದನ್ನು ಹಿಡಿದು ದಾವಣಗೆರೆ ರೈಲು ಹತ್ತಿದೆ. ನಿಲ್ಲಲು ಜಾಗವಿಲ್ಲದ ಡಬ್ಬಿ. ರೈಲು ಒಂದು ಸಲ ಕುಲುಕಿದ್ದೇ ತಡ, ನನಗೆ ಇಡೀ ಬೆಂಚು ಸಿಕ್ಕಿತು. ಎದುರಿನ ಬೆಂಚೂ ಸಿಕ್ಕಿತು. ಟಿಕೆಟ್ ನೋಡುವವರು ಬಾಗಿಲವರೆಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ದೂರದಿಂದಲೇ ಟಿಕೆಟ್ ಐತೇನು ಎಂದು ಸನ್ನೆಯಲ್ಲಿ ಕೇಳಿದರು. ಐತೆ ಎಂದು ಸನ್ನೆ ಮಾಡಿದೆ. ನಂಬಿ ಹೋದರು. ನಿಜ ಹೇಳಬೇಕೆಂದರೆ ಟಿಕೆಟ್ ಇತ್ತು. ಆದರೆ ಇರಲಿಲ್ಲ ಎಂದು ಹೇಳಿದರೆ ಕ್ಲಾಸಿನಲ್ಲಿ ಚೆನ್ನಾಗಿ ನಗುತ್ತಿದ್ದರು, ಹಾಗಾಗಿ ಇರಲಿಲ್ಲ ಎಂದೇ ಹೇಳಿದೆ.

ನಮ್ಮದು ಮಿಲ್ಲಿನ ಹತ್ತಿರದ ವಠಾರ. ಆರು ಮನೆ, ಒಂದು ನಲ್ಲಿ, ಒಂದು ಅಂಗಳ. ಗಡಿಗೆಯನ್ನು ಬಚ್ಚಲ ಮಗ್ಗುಲಲ್ಲಿ ಇಟ್ಟೆ. ಮೂರನೇ ದಿನಕ್ಕೆ ಪಕ್ಕದ ಮನೆ ಗಂಗಕ್ಕ ಬಂದು, ಏನೋ ಸತ್ತಿದೆ, ಹುಡುಕು ಎಂದು ನನ್ನನ್ನೇ ಕಳಿಸಿದಳು. ಅರ್ಧ ಗಂಟೆ ನಾನೂ ಅವಳ ಜೊತೆ ಸೇರಿ ಹುಡುಕಿದೆ. ಆಮೇಲೆ ವಾಸನೆ ಮುಚ್ಚಲು ನನಗೊಂದು ಜಾಣ ಉಪಾಯ ಹೊಳೆಯಿತು. ಅಜ್ಜಿ ತೆಳ್ಳನೆ ಬಟ್ಟೆ ಅಂದಿದ್ದಳಲ್ಲ, ನಾನು ಗಡಿಗೆಯ ಬಾಯಿಗೆ ತಟ್ಟೆ ಮುಚ್ಚಿ, ಸುತ್ತಲೂ ಕೆಸರು ಮೆತ್ತಿ, ಮೇಲೆ ರುಬ್ಬುವ ಗುಂಡು ಹೇರಿದೆ. ಗಾಳಿ ಹೊರಬರಲು ಇರುವೆ ತೂರುವಷ್ಟೂ ದಾರಿ ಬಿಡಲಿಲ್ಲ.

ದೀಪಾವಳಿಗೆ ಎರಡು ದಿನ ಇತ್ತು. ಗಂಗಕ್ಕ ಬೆಳಗ್ಗೆಯಿಂದ ಕೂತು ಗೋಡೆಗೆ ಸುಣ್ಣ ಬಳಿದು, ಸೊಂಟ ನೇರ ಮಾಡಿಕೊಂಡು ಅದನ್ನು ನೋಡುತ್ತಾ ನಿಂತಿದ್ದಳು. ಗಡಿಗೆ ಆಗ ಸಿಡಿಯಿತು. ರುಬ್ಬುವ ಗುಂಡು ಮಿಲ್ಲಿನ ಚಿಮಣಿಯ ಎತ್ತರಕ್ಕೆ ಹಾರಿತು ಎಂದು ನಾನು ಹೇಳುತ್ತೇನೆ. ಒಂದು ಮೊಳ ಎಂದು ಅವ್ವ ಹೇಳುತ್ತಾಳೆ. ಆದರೆ ಗೋಡೆಯ ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಗೋಡೆ ಈ ತುದಿಯಿಂದ ಆ ತುದಿಯವರೆಗೆ ಚುಕ್ಕೆ ಚಿರತೆಯ ಹಾಗಾಗಿತ್ತು. ಗಂಗಕ್ಕ ಕುಂಚ ತಂದು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಊರಿನ ಹುಡುಗರೆಲ್ಲ ಪಟಾಕಿ ಹಚ್ಚುವಾಗ ನಾನು ಸುಣ್ಣ ಹಚ್ಚುತ್ತಿದ್ದೆ.

ವಠಾರದಲ್ಲಿ ಇನ್ನು ಗಡಿಗೆ ಇಡುವ ಹಾಗಿರಲಿಲ್ಲ. ಒಡೆದ ಗಡಿಗೆಯ ತಳದಲ್ಲಿ ಉಳಿದಿದ್ದನ್ನು ಹೊತ್ತುಕೊಂಡು ಖಾದರನ ಭಟ್ಟಿಯ ಹಿಂದೆ ಹೋದೆ. ಅಲ್ಲಿ ಹೊಗೆ, ಹೊಟ್ಟಿನ ದೂಳು, ಕಾದ ಮರಳು. ನನ್ನ ವಾಸನೆಯನ್ನು ಕೇಳುವವರೇ ಇರಲಿಲ್ಲ. ಹಳೆ ಬಾನಿಯೊಂದರಲ್ಲಿ ಮತ್ತೆ ಹಿಂಡಿ, ಸಗಣಿ, ಬೆಲ್ಲ ಎಲ್ಲ ಹಾಕಿ ಎಂಟು ದಿನ ತಿರುವಿದೆ. ಈ ಸಲ ತೆಳ್ಳನೆ ಬಟ್ಟೆಯನ್ನೇ ಕಟ್ಟಿದೆ. ಇನ್ನು ಬೂದಿ ಒಂದು ಬಾಕಿ.

ಮನೆಗೆ ಹೋಗಿ ಒಲೆ ಬೂದಿ ತರಬೇಕಿತ್ತು, ಒಂದೇ ಒಂದು ಹಿಡಿ. ಆದರೆ ಕಣ್ಣೆದುರಿಗೇ ಭಟ್ಟಿಯ ಬೂದಿ ಗುಡ್ಡದ ಹಾಗೆ ಬಿದ್ದಿರುವಾಗ ಯಾರು ನಡೆಯುತ್ತಾರೆ? ಒಂದು ಹಿಡಿಯಿಂದ ಗಿಡ ಮೊಣಕಾಲಿಗೆ ಬರುವುದಾದರೆ ಒಂದು ಬುಟ್ಟಿಯಿಂದ ಹೆಗಲಿಗೆ ಬರಬೇಕು. ಖಾದರ ಜರಡಿ ಹಿಡಿದುಕೊಂಡೇ ನೋಡಿದ. ನಮ್ಮ ಭಟ್ಟಿ ಬೂದಿ ಆಗುತ್ತದಾ ಎಂದು ಕೇಳಿದ. ಹರಿಹರದ ಕಡೆ ತೋಟದವರೆಲ್ಲ ಭಟ್ಟಿ ಬೂದಿಯನ್ನೇ ಹಾಕುತ್ತಾರೆ, ಗಾಡಿ ಕಟ್ಟಿಕೊಂಡು ಒಯ್ಯುತ್ತಾರೆ ಎಂದೆ. ಹಾಗೆ ಒಯ್ಯುವವನನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಖಾದರ ನಂಬಿದ. ಅವನ ದೋಷ ಅದೊಂದೇ, ಯಾರು ಏನು ಹೇಳಿದರೂ ನಂಬುತ್ತಾನೆ. ಒಂದು ಬುಟ್ಟಿ ಬೂದಿ ಬಾನಿಗೆ ಸುರಿದೆ.

ಒಂದು ವಾರದಲ್ಲಿ ಎರಡು ಸಲ ಅವನ ಮಡಿಗೆ ಹೊಯ್ದೆವು. ನನ್ನ ಮಡಿಗೆ ಒಂದು ಚೆಂಬೂ ಹಾಕಲಿಲ್ಲ. ಬಾನಿಯಿಂದ ಕೊಡ ತುಂಬಿಕೊಂಡು ಭಟ್ಟಿಯಿಂದ ಶಾಲೆಗೆ ಎರಡು ಸಲ ಹೊತ್ತಷ್ಟಕ್ಕೇ ನನ್ನ ತೋಳು ಕಳಚಿ ಬಂದಿತ್ತು. ಇನ್ನೊಂದು ಸಲ ಹೊರುವ ಪ್ರೀತಿ ನನಗೆ ನನ್ನ ಗಿಡಗಳ ಮೇಲೆ ಇರಲಿಲ್ಲ. ಆದರೆ ಗೊಬ್ಬರದ ಪುಸ್ತಕ ಖಾಲಿ ಬಿಡಲಾಗುತ್ತದೆಯೇ? ದಿನ ಬಿಟ್ಟು ದಿನ ಹಿಂಡಿನೀರು ಹಾಕಿದೆ, ಗಿಡ ನಕ್ಕಿತು, ಎಲೆ ಆನೆ ಕಿವಿಯಂತಾಯಿತು ಎಂದು ನನ್ನ ಪುಸ್ತಕ ತುಂಬಿಸಿದೆ. ಅಕ್ಷರ ಮಾತ್ರ ದುಂಡಗಿದ್ದವು.

ಐದನೇ ದಿನ ಖಾದರನ ಗಿಡಗಳ ಎಲೆಯಂಚು ಕಂದಿತು. ಗೊಬ್ಬರ ಮೈಗೆ ಹತ್ತುವಾಗ ಹಾಗೇ ಆಗುವುದು ಎಂದೆ. ಏಳನೇ ದಿನ ಎಲೆ ಸುಟ್ಟ ಹಪ್ಪಳದ ಹಾಗೆ ಮುದುಡಿತು. ಹಳೆ ಎಲೆ ಹೋಗಿ ಹೊಸದು ಬರಬೇಕಲ್ಲ ಎಂದೆ. ಹತ್ತನೇ ದಿನ ಎಲೆಯೇ ಇರಲಿಲ್ಲ, ಬರೀ ಕಡ್ಡಿ. ಆ ಚಳಿಗಾಲದ ಗಾಳಿ ಬೇರೆ. ಮಿಲ್ಲಿನ ಹತ್ತಿಯ ಎಳೆ ಹಾರಿ ಬಂದು ಒಣಗಿದ ಕಡ್ಡಿಗಳಿಗೆ ಸುತ್ತಿಕೊಂಡು, ಎಂಟು ಗಿಡ ಬಿಳಿ ಬಟ್ಟೆ ಹೊದ್ದು ನಿಂತ ಹಾಗೆ ಕಾಣುತ್ತಿದ್ದವು.

ಇಮಾಮ್ ಸಾಬರಿಗೆ ಹೇಳದೆ ಗತಿಯಿರಲಿಲ್ಲ. ಅವರು ಬಂದು ಮಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಒಂದು ಚಿಟಿಕೆ ಮಣ್ಣೆತ್ತಿ ನಾಲಿಗೆಯ ತುದಿಗೆ ಇಟ್ಟುಕೊಂಡು ಉಗಿದರು.

"ಉಪ್ಪು," ಅಂದರು. "ಮಂಡಕ್ಕಿ ಅಕ್ಕಿಗೆ ಉಪ್ಪುನೀರು ಹಾಕ್ತೀವಲ್ಲ, ಆ ಬಾನಿ ತೊಳೆದ ನೀರು ದಿನಾ ಎಲ್ಲಿ ಚೆಲ್ತೀವಿ? ಆ ಬೂದಿ ಗುಡ್ಡೆ ಮ್ಯಾಲೆ. ಹದಿನೈದು ವರ್ಷದಿಂದ ಅದರ ಮ್ಯಾಲೆ ಒಂದು ಎಕ್ಕದ ಗಿಡ ಹುಟ್ಟಿದ್ದು ನೋಡೀಯೇನು ಬೇಟಾ?"

ನೋಡಿರಲಿಲ್ಲ. ನೋಡಿಲ್ಲ ಎನ್ನುವುದನ್ನೂ ನೋಡಿರಲಿಲ್ಲ. ಖಾದರ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ತಡೆಯದಾಯಿತು. ಎರಡು ಬಾರಿಸಿದ್ದರೆ ನಾನೂ ಒಂದು ಬಾರಿಸಿ ಸಮ ಮಾಡಿಕೊಳ್ಳುತ್ತಿದ್ದೆ. ಅವನು ನಿಂತಲ್ಲೇ ತನ್ನ ಪುಸ್ತಕ ತೆಗೆದು, ಅಬ್ಬಾ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ.

ಮಣ್ಣಿಗೆ ನೀರು ಕಟ್ಟಬೇಕು, ಕಾಲುವೆ ಒಡೆದು ಬಿಡಬೇಕು, ಮತ್ತೆ ಕಟ್ಟಬೇಕು, ಹಾಗೆ ಉಪ್ಪು ತೊಳೆದರೆ ಉಳಿದ ನಾಲ್ಕು ಬದುಕಬಹುದು ಎಂದರು ಸಾಬರು. ನಾಲ್ಕು ದಿನ ಬಾವಿಯಿಂದ ಇಬ್ಬರೂ ಸೇದಿ ಸೇದಿ ಹೊಯ್ದೆವು. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಅದರ ಜಾಗದಲ್ಲಿ ಇನ್ನೊಂದು ಎದ್ದಿತು. ನಾಲ್ಕು ಗಿಡ ಬದುಕಿದವು. ಸಂಕ್ರಾಂತಿ ಹೊತ್ತಿಗೆ ಎರಡು ಹೂ ಬಿಟ್ಟವು. ಆ ಹೂವೂ ಉದುರಿದವು. ಮೇಷ್ಟ್ರು ಮಡಿ ನೋಡಲು ಬರುವ ದಿನ ಹತ್ತಿರ ಬಂದಿತ್ತು, ಕಾಯಿ ಎನ್ನುವುದರ ಸುಳಿವಿಲ್ಲ.

ನನ್ನ ಮಡಿಯಲ್ಲಿ ಮಾತ್ರ ಬದನೆ ಗೊಂಚಲು ಗೊಂಚಲು. ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಖಾದರನ ಮುಖ ನೋಡಿದಾಗ ಆ ಕಾಯಿಗಳನ್ನು ಒಂದೊಂದೇ ಒದೆಯಬೇಕೆನಿಸುತ್ತಿತ್ತು. ಕೊನೆಗೆ ನನ್ನ ಕಾಯಿಗಳನ್ನೇ ಕಿತ್ತು ದಾರದಿಂದ ಅವನ ಗಿಡಗಳಿಗೆ ಕಟ್ಟಲು ಹೋದೆ. ಹೂವಿನ ಹಾರ ಕಟ್ಟುವವರಿಗಿಂತ ಚಂದ ಕಟ್ಟಿದ್ದೆ, ಮೂರು ಗಿಡ ಮುಗಿದಿತ್ತು. ಖಾದರ ಬಂದು ಎಲ್ಲ ದಾರ ಹರಿದು ಕಾಯಿಗಳನ್ನು ನನ್ನ ಉಡಿಗೆ ಹಾಕಿದ.

"ಬ್ಯಾಡ ಬಿಡೋ ನಾಗರಾಜ," ಅಂದ. "ಗಿಡ ಯಾಕ ಸತ್ತವು ಅಂತ ಬರೆದೀನಿ. ಈಗ ಕಾಯಿ ಹೆಂಗೆ ಬಂದವು ಅಂತ ಏನು ಬರೀಲಿ?"

ಮೇಷ್ಟ್ರು ಬಂದರು, ಮಡಿಗಳನ್ನು ನೋಡಿದರು, ಪುಸ್ತಕಗಳನ್ನು ಕಟ್ಟು ಕಟ್ಟಿ ಒಯ್ದರು. ವಾರದ ನಂತರ ನನ್ನನ್ನು ಒಬ್ಬನನ್ನೇ ಕರೆಸಿದರು. ಮೇಜಿನ ಮೇಲೆ ನನ್ನ ಪುಸ್ತಕ, ಅದರ ಪಕ್ಕ ಖಾದರನದು. ಖಾದರನ ಪುಸ್ತಕದಲ್ಲಿ ಎಲ್ಲ ಇತ್ತು: ಎಷ್ಟು ಬುಟ್ಟಿ ಬೂದಿ, ಯಾವ ದಿನ ಯಾವ ಗಿಡದ ಎಲೆ ಎಷ್ಟು ಕಂದಿತು, ಎಷ್ಟು ಕೊಡ ನೀರಿಗೆ ಉಪ್ಪು ಎಷ್ಟು ಇಳಿಯಿತು. ಅದನ್ನು ತಿಳಿಯಲು ಅವನೂ ಅಬ್ಬಾನ ಹಾಗೆ ದಿನಾ ಮಣ್ಣು ನೆಕ್ಕಿದ್ದನಂತೆ. ಇಂಥ ಪುಸ್ತಕವನ್ನು ತಾವು ಈ ಕೆಲಸಕ್ಕೆ ಸೇರಿದ ಮೇಲೆ ಕಂಡಿಲ್ಲ, ಗಿಡ ಸತ್ತರೂ ಇವನು ಪಾಸು ಎಂದರು ಮೇಷ್ಟ್ರು. ನನಗೆ ಆದ ಖುಷಿಗೆ ಅಲ್ಲೇ ಕುಣಿಯುವವನಿದ್ದೆ. ಅಷ್ಟರಲ್ಲಿ ನನ್ನ ಪುಸ್ತಕ ತೆರೆದರು.

"ಒಂದೇ ಬಾನಿ ನೀರು. ನೀ ಹದಿನಾಲ್ಕು ಸಲ ಹೊಯ್ದಿ, ನಿನ್ನ ಗಿಡ ಕಾಯಿ ಬಿಟ್ಟವು. ಅವನು ಎರಡೇ ಸಲ ಹೊಯ್ದ, ಅವನವು ಸತ್ತವು. ಉಪ್ಪು ಏನು ಹಾಜರಿ ಕರೆದು ಕೊಲ್ತೈತೇನಲೇ?"

ಮೇಷ್ಟ್ರು ಖಾದರನ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಖಾದರನ ಸಣ್ಣ ಅಕ್ಷರ: ‘ಈ ಗೊಬ್ಬರ ಮಾಡಿದ್ದು ನನ್ನ ಗೆಳೆಯ ನಾಗರಾಜ. ತನ್ನ ಮಡಿಗೆ ಒಂದು ಚೆಂಬೂ ಹಾಕಿಕೊಳ್ಳದೆ ಎಲ್ಲವನ್ನೂ ನನಗೇ ಕೊಟ್ಟ.’

ನನ್ನನ್ನು ಹೊಗಳಿ ಬರೆದದ್ದು. ಸೋಮಾರಿತನವನ್ನು ದೊಡ್ಡಗುಣ ಎಂದುಕೊಂಡಿದ್ದ ಪುಣ್ಯಾತ್ಮ. ನನ್ನ ಕಾಯಿಯ ಗುಟ್ಟನ್ನೂ ಮೇಷ್ಟ್ರೇ ಹೇಳಿದರು: ನನ್ನ ಮಡಿ ಇದ್ದದ್ದು ಶಾಲೆಯ ನೀರಿನ ತೊಟ್ಟಿಯ ಬುಡದಲ್ಲಿ. ಮಧ್ಯಾಹ್ನ ಇಡೀ ಶಾಲೆಯ ಹುಡುಗರು ಊಟದ ಡಬ್ಬಿ ತೊಳೆದ ನೀರು ನನ್ನ ಗಿಡಗಳಿಗೇ ಹರಿಯುತ್ತಿತ್ತು, ಅನ್ನದ ಅಗುಳು, ಮಜ್ಜಿಗೆ, ಸಾರು ಸಮೇತ. ಅದನ್ನೇ ಬರೆದಿದ್ದರೂ ಪಾಸು ಮಾಡುತ್ತಿದ್ದೆ ಎಂದರು ಮೇಷ್ಟ್ರು. ಪುಸ್ತಕ ಮುಚ್ಚಿದರು. ಸೊನ್ನೆ. ವ್ಯವಸಾಯದಲ್ಲಿ ಸೊನ್ನೆ, ಅದರಿಂದ ಮತ್ತೆ ಒಂಬತ್ತನೇ ಕ್ಲಾಸು. ಶಾಲೆಗೆಲ್ಲ ಚಂದದ ಬದನೆ ಬೆಳೆದವನು ನಾನು. ಅಪ್ಪನಿಗೆ ಇದನ್ನು ಮೂರು ಸಲ ಬಿಡಿಸಿ ಹೇಳಿದೆ. ಮೂರು ಸಲವೂ ಅವರು ಬೆಲ್ಟಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

ಇಷ್ಟಕ್ಕೆ ಮುಗಿಯಬೇಕಿತ್ತು. ಫಲಿತಾಂಶದ ದಿನ ಸಂಜೆ ಖಾದರ ವಠಾರಕ್ಕೆ ಓಡಿ ಬಂದ. ಪಾಸಾಗಿದ್ದಾನೆ, ಆದರೆ ಅಬ್ಬಾ ಒಪ್ಪುತ್ತಿಲ್ಲ. ಗಿಡ ಸತ್ತ ಹುಡುಗನನ್ನು ಯಾವ ಮೇಷ್ಟ್ರು ಪಾಸು ಮಾಡುತ್ತಾನೆ, ಪಾಪ ಅಂತ ಬಿಟ್ಟಿರಬೇಕು, ನಮಗೆ ಯಾರ ಪಾಪವೂ ಬೇಡ, ನಾಳೆಯಿಂದ ಭಟ್ಟಿಗೆ ಬಾ ಎಂದಿದ್ದಾರೆ. ಸಾಬರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಮಗನೇ ಓದಿದರೆ ನಂಬುವುದಿಲ್ಲ. ನಾನು ಬಂದು ಆ ಪುಸ್ತಕ ಓದಿ ಹೇಳಬೇಕು.

ಭಟ್ಟಿಯಲ್ಲಿ ಬೆಂಕಿ ಆರಿಸಿದ್ದರು. ಸಾಬರು ಮಂಡಕ್ಕಿ ಚೀಲಕ್ಕೆ ಒರಗಿ ಕೂತಿದ್ದರು. ಪುಸ್ತಕ ನನ್ನ ಕೈಗೆ ಕೊಟ್ಟರು.

"ಓದು ಬೇಟಾ. ಇದ್ದಷ್ಟೇ ಓದು. ನೀ ಸೇರಿಸೋದು ನಂಗೆ ಗೊತ್ತೈತೆ."

ಓದಿದೆ. ಬೂದಿ, ಬುಟ್ಟಿ, ಎಲೆ, ಕೊಡ, ಒಂದೂ ಬಿಡದೆ. ‘ಮಣ್ಣಿನ ರುಚಿ ನೋಡಿ ಉಪ್ಪು ಎಂದು ಕಂಡುಹಿಡಿದವರು ನಮ್ಮ ಅಬ್ಬಾ’ ಎನ್ನುವ ಸಾಲು ಬಂದಾಗ ಸಾಬರು ಚೀಲ ಬಿಟ್ಟು ನೆಟ್ಟಗೆ ಕೂತರು. ಅದನ್ನು ಇನ್ನೊಂದು ಸಲ ಓದಲು ಹೇಳಿದರು. ಓದಿದೆ. ಮೇಷ್ಟ್ರು ಆ ಸಾಲಿನ ಕೆಳಗೆ ಕೆಂಪು ಶಾಯಿಯ ಗೀಟು ಎಳೆದಿದ್ದನ್ನೂ ತೋರಿಸಿದೆ. ಗೀಟು ನೋಡಲು ಕನ್ನಡ ಬೇಕಿರಲಿಲ್ಲ. ಅದರ ಮೇಲೆ ಬೆರಳು ಆಡಿಸಿದರು.

"ಶಾಲೆ ಯಾವತ್ತು ಶುರು ಆಗ್ತೈತಿ?" ಎಂದು ಮಗನನ್ನು ಕೇಳಿದರು. ಜೂನಿನಲ್ಲಿ ಎಂದ ಖಾದರ. ಅಲ್ಲೀ ತನಕ ಭಟ್ಟಿ, ಆಮೇಲೆ ಶಾಲೆ ಎಂದು ಎದ್ದು ಒಳಗೆ ಹೋದರು.

ಖಾದರ ಪುಸ್ತಕ ಇಸಿದುಕೊಂಡು ಪುಟ ತಿರುವಿದ. ನನ್ನ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ, ನೀ ಒಂದು ಸಾಲು ಬಿಟ್ಟೆ ಎಂದ. ಇಲ್ಲ ಎಂದೆ. ಅವನು ಬೆರಳಿಟ್ಟು ತೋರಿಸಿದ. ನನ್ನ ಹೆಸರಿದ್ದ ಸಾಲು.

"ಅಲ್ಲಿ ಬೂದಿ ಬಿದ್ದಿತ್ತು," ಅಂದೆ. "ಕಾಣಲಿಲ್ಲ."